ಡಬ್ಲಿನ್‌ಗೆ ಬಂದ್ರೆ ಕ್ರೋಕ್ ಪಾರ್ಕ್ ಮ್ಯೂಸಿಯಂ ಮಿಸ್ ಮಾಡ್ಬೇಡಿ

ಗೇಲಿಕ್ ಫುಟ್‌ಬಾಲ್ (ಕಾಲಲ್ಲಿ ಒದ್ದು, ಕೈಯಲ್ಲೂ ಹಿಡಿದು ಆಡೋ ಐರ್ಲೆಂಡಿನ ದೇಸಿ ಆಟ) ಗಂಧಗಾಳಿ ಗೊತ್ತಿಲ್ದಿದ್ರೂ ಪರ್ವಾಗಿಲ್ಲ, ಹೋಗಿ. 1884ರಲ್ಲಿ ಥರ್ಲ್ಸ್ ಅನ್ನೋ ಊರಿನ ಹೋಟೆಲಲ್ಲಿ ಬೆರಳೆಣಿಕೆ ಜನ ಸೇರಿ ಶುರು ಮಾಡಿದ ಈ ದೇಸಿ ಆಟಗಳ ಸಂಘ ಇವತ್ತು 82,300 ಜನ ಹಿಡಿಸೋ ಕ್ರೋಕ್ ಪಾರ್ಕ್ ಸ್ಟೇಡಿಯಂ ಇಟ್ಕೊಂಡಿದೆ, ಆದ್ರೂ ಆಡೋರಿಗೆ ಸಂಬಳ ಇಲ್ಲ ಕಣ್ರೀ, ಫೈನಲ್ ಆಡ್ದೋನೂ ಆಮೇಲೆ ತನ್ನ ಕೆಲ್ಸಕ್ಕೆ ಹೋಗ್ಬೇಕು! ಗೇಲಿಕ್ ಫುಟ್‌ಬಾಲ್‌ನಲ್ಲಿ ಇಡೀ ಐರ್ಲೆಂಡಿಗೆ ಚಾಂಪಿಯನ್ ಆದೋರಿಗೆ ಕೊಡ್ತಿದ್ದ ಮೊದಲನೇ ಸ್ಯಾಮ್ ಮ್ಯಾಗ್ವೈರ್ ಕಪ್ ಈ ಮ್ಯೂಸಿಯಂನಲ್ಲೇ ಇದೆ. ಮನಸ್ಸಿಗೆ ನಾಟೋದು 1920ರ ನವೆಂಬರ್ 21ರ ಕಥೆ, ಇದೇ ಮೈದಾನದಲ್ಲಿ ಡಬ್ಲಿನ್-ಟಿಪ್ಪರೇರಿ ತಂಡಗಳ ಮ್ಯಾಚ್ ನಡೀತಿದ್ದಾಗ ಬ್ರಿಟಿಷ್ ಪಡೆ ಗುಂಡು ಹಾರಿಸಿ 14 ಜನ ಸತ್ರು, ಅದ್ರಲ್ಲಿ ಟಿಪ್ಪರೇರಿ ಆಟಗಾರ ಮೈಕಲ್ ಹೋಗನ್ ಕೂಡ, ಸ್ಟೇಡಿಯಂನ ಹೋಗನ್ ಸ್ಟ್ಯಾಂಡ್ ಅನ್ನೋ ಗ್ಯಾಲರಿಗೆ ಇಟ್ಟಿರೋದು ಅವನ ಹೆಸ್ರೇ. ನಮ್ಗೆ ಜಲಿಯನ್‌ವಾಲಾಬಾಗ್ ನೆನಪಾಗ್ದೇ ಇರುತ್ತಾ? ಮಕ್ಳಿಗೆ ಬಾಲ್ ಒದ್ದು ನೋಡೋ ಜಾಗಾನೂ ಇದೆ, ದೊಡ್ಡೋರೇ ಬಿಟ್ಕೊಡಲ್ಲ ಅಷ್ಟೆ. ಮ್ಯಾಚ್ ದಿನ ಸ್ಟೇಡಿಯಂ ಟೂರ್ ಇರಲ್ಲ, ನೋಡ್ಕೊಂಡು ಬುಕ್ ಮಾಡಿ.