ಡೋರ್ ಲಾಕ್ ಕೆಟ್ಟರೆ ಇಡೀ ಲ್ಯಾಚ್ ಯಾಕೆ? ನಾಲ್ಕು ದಾರಿ, ನನ್ನ ಓಟು ಬರೀ ಮೋಟಾರಿಗೆ

ಬಟನ್ ಒತ್ತಿದಾಗ ಮೂರು ಬಾಗಿಲು ಟಕ್ಕೆಂದು ಲಾಕ್ ಆಗಿ ನಾಲ್ಕನೆಯದು ಬರೀ ಗೊರಗುಟ್ಟುತ್ತದೆ. ಇಲ್ಲವೇ ಬೆಳಿಗ್ಗೆ ಸರಿಯಿದ್ದ ಲಾಕ್, ಕಾರು ಬಿಸಿಲಲ್ಲಿ ನಿಂತ ಮೇಲೆ ಕೈಕೊಡುತ್ತದೆ. ಇಂಥ ಕೇಸಿನಲ್ಲಿ ಸಾಮಾನ್ಯವಾಗಿ ಸತ್ತಿರುವುದು ಲ್ಯಾಚ್, ಅಂದರೆ ಬಾಗಿಲನ್ನು ಕಚ್ಚಿ ಹಿಡಿಯುವ ಕೊಕ್ಕೆಯ ಡಬ್ಬ ಅಲ್ಲ, ಅದರೊಳಗಿನ ಹೆಬ್ಬೆರಳಿನ ಗಾತ್ರದ ಮೋಟಾರ್. ಆದರೆ ಸರ್ವಿಸ್ ಕೌಂಟರಿನಲ್ಲಿ ಮೋಟಾರ್ ಬಿಡಿಯಾಗಿ ಸಿಗುವುದಿಲ್ಲ, ಇಡೀ ಲ್ಯಾಚ್ ಅಸೆಂಬ್ಲಿಯ ಬಿಲ್ಲೇ ಬರುತ್ತದೆ. ನೂರೈವತ್ತು ರೂಪಾಯಿಯ ಮೋಟಾರಿಗೆ ಮೂರು ಸಾವಿರದ ಲ್ಯಾಚ್ ಹಾಕಿಸುವುದು ನನಗೆ ಒಗ್ಗದ ಲೆಕ್ಕ. ಹಾಗಂತ ಉಳಿದ ದಾರಿಗಳು ದಂಡ ಎಂದೂ ಅಲ್ಲ. ಹೊಸ ಲ್ಯಾಚ್, ಹೊರಗಿನಿಂದ ಕೂರಿಸುವ ಗನ್ (ಲಾಕಿನ ರಾಡನ್ನು ಎಳೆದು ತಳ್ಳುವ ಮೋಟಾರ್ ಡಬ್ಬ), ಗುಜರಿ ಲ್ಯಾಚ್, ಬರೀ ಮೋಟಾರ್, ಈ ನಾಲ್ಕನ್ನೂ ಮಾಡಿ ನೋಡಿದ ಮೇಲಿನ ಹೋಲಿಕೆ ಇದು.

ದುಡ್ಡು ಬಿಚ್ಚುವ ಮೊದಲು ಒಂದು ಪರೀಕ್ಷೆ. ನಾಲ್ಕೂ ಬಾಗಿಲು ಸತ್ತಿದ್ದರೆ ಫ್ಯೂಸ್ ನೋಡಿ, ಆಮೇಲೆ ಕಂಟ್ರೋಲ್ ಯೂನಿಟ್. ಒಂದೇ ಬಾಗಿಲಾದರೆ ಮೊದಲು ಬಾಗಿಲಿಗೂ ಪಿಲ್ಲರಿಗೂ (ಬಾಗಿಲು ತೂಗುಬಿದ್ದಿರುವ ಕಂಬ) ನಡುವೆ ವೈರಿಗೆ ಹೊದಿಸಿದ ರಬ್ಬರ್ ಬೂಟ್ ಸರಿಸಿ ವೈರ್ ನೋಡಿ. ಬಾಗಿಲನ್ನು ದಿನವೂ ತೆರೆದು ಮುಚ್ಚಿ ಅಲ್ಲೇ ವೈರ್ ಒಳಗೊಳಗೇ ತುಂಡಾಗಿರುತ್ತದೆ. ವೈರ್ ಸರಿಯಿದ್ದರೆ ಲ್ಯಾಚಿನ ಕನೆಕ್ಟರ್ ಬಿಚ್ಚಿ, ವೈರಿಂಗ್ ಬದಿಯ ಎರಡು ಮೋಟಾರ್ ವೈರಿಗೆ 5 ವ್ಯಾಟಿನ 12 ವೋಲ್ಟ್ ಬಲ್ಬ್ ಹಿಡಿದು ಬಟನ್ ಒತ್ತಿಸಿ. ಕರೆಂಟ್ ಬರುವುದು ಅರೆ ಕ್ಷಣ ಮಾತ್ರ. ಡಿಜಿಟಲ್ ಮೀಟರಿನ ಅಂಕಿ ಅಷ್ಟರೊಳಗೆ ನಿಲ್ಲುವುದೇ ಇಲ್ಲ, ಕರೆಂಟ್ ಬರುತ್ತಿಲ್ಲ ಎಂದು ಮೋಸ ಹೋಗುತ್ತೀರಿ. ಲಾಕಿಗೊಮ್ಮೆ, ಅನ್‌ಲಾಕಿಗೊಮ್ಮೆ ಬಲ್ಬ್ ಮಿಂಚಿದರೆ ವೈರಿಂಗಿನದು ತಪ್ಪಿಲ್ಲ. ಕನೆಕ್ಟರ್ ಮತ್ತೆ ಸೇರಿಸಿ ಬಟನ್ ಒತ್ತಿಸುತ್ತ, ಸ್ಕ್ರೂಡ್ರೈವರಿನ ಹಿಡಿಯಿಂದ ಲ್ಯಾಚಿಗೆ ಮೆಲ್ಲಗೆ ತಟ್ಟಿದಾಗ ಲಾಕ್ ಒಮ್ಮೆ ಕೆಲಸ ಮಾಡಿತೆಂದರೆ ಮೋಟಾರಿನ ಬ್ರಷ್ (ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ತುಂಡು) ಸವೆದಿದೆ ಅಂತಲೇ ಹಿಡಿಯಿರಿ.

ಡೋರ್ ಪ್ಯಾಡ್, ಅಂದರೆ ಬಾಗಿಲ ಒಳಬದಿಯ ಹೊದಿಕೆ ಬಿಚ್ಚುವ ಕೆಲಸ ನಾಲ್ಕಕ್ಕೂ ಒಂದೇ. ಒಳಹಿಡಿಯ ಹಿಂದೆ ಒಂದು ಸ್ಕ್ರೂ, ಎಳೆಯುವ ಹಿಡಿಯ ಗುಳಿಯಲ್ಲಿ ಒಂದೆರಡು, ಆಮೇಲೆ ಕೆಳಗಿನಿಂದ ಶುರುಮಾಡಿ ಪ್ಲಾಸ್ಟಿಕ್ ಪಟ್ಟಿಯಿಂದ ಕ್ಲಿಪ್ ಎಬ್ಬಿಸಬೇಕು. ಐದಾರು ಹೊಸ ಕ್ಲಿಪ್ ಮೊದಲೇ ತಂದಿಟ್ಟುಕೊಳ್ಳಿ. ಗ್ಲಾಸ್ ಪೂರ್ತಿ ಮೇಲಿರಲಿ. ಬಾಗಿಲೊಳಗೆ ಏರ್‌ಬ್ಯಾಗ್ ಸೆನ್ಸರ್ ಇರುವ ಕಾರಾದರೆ ಬ್ಯಾಟರಿ ಬಿಚ್ಚಿ ಹತ್ತು ನಿಮಿಷ ಬಿಡಿ. ತುಂಬು ತೋಳಿನ ಅಂಗಿ ಹಾಕಿಕೊಳ್ಳಿ, ಒಳಗಿನ ತಗಡಿನ ಅಂಚು ಮೊಣಕೈ ಕೊಯ್ಯುತ್ತದೆ.

ಹೊಸ ಲ್ಯಾಚ್

ಬೆಲೆ ಮಾದರಿಗೆ ತಕ್ಕಂತೆ ಹೆಚ್ಚುಕಡಿಮೆ 1,500ರಿಂದ 4,000 ರೂಪಾಯಿ. ಕೆಲಸ ಮಾತ್ರ ನಾಲ್ಕರಲ್ಲೂ ಅತಿ ಸಲೀಸು. ಹಿಡಿ, ಲಾಕ್ ಬಟನ್ನಿನಿಂದ ಲ್ಯಾಚಿಗೆ ಬರುವ ರಾಡ್‌ಗಳನ್ನು ಕ್ಲಿಪ್ ತಿರುಗಿಸಿ ಬಿಡಿಸುವುದು, ಬಾಗಿಲಂಚಿನ ಮೂರು ಸ್ಕ್ರೂ ತೆಗೆಯುವುದು, ಹೊಸದು ಕೂರಿಸುವುದು, ಅಷ್ಟೇ. ಆ ಮೂರು ಸ್ಕ್ರೂಗೆ ಫ್ಯಾಕ್ಟರಿಯಲ್ಲೇ ಅಂಟು ಹಾಕಿರುತ್ತಾರೆ. ಮನೆಯಲ್ಲಿರುವ 2ನೇ ನಂಬರಿನ ಸ್ಟಾರ್ ಸ್ಕ್ರೂಡ್ರೈವರ್ ಇಟ್ಟರೆ ತಲೆ ಸವೆದು ಹೋಗುತ್ತದೆ. 3ನೇ ನಂಬರ್ ಬೇಕು, ಕೆಲವು ಕಾರಿಗೆ ಟಾರ್ಕ್ಸ್ 30 (ಆರು ಮೂಲೆಯ ಬಿಟ್). ಮೊದಲು ಸ್ಕ್ರೂಡ್ರೈವರಿನ ಹಿಂದಕ್ಕೆ ಸುತ್ತಿಗೆಯಿಂದ ಒಂದು ಪೆಟ್ಟು, ಆಮೇಲೆ ತಿರುಗಿಸಿ. ಎಡ–ಬಲ, ಮುಂದೆ–ಹಿಂದೆ, ವೇರಿಯೆಂಟ್ ಎಲ್ಲಕ್ಕೂ ಪಾರ್ಟ್ ನಂಬರ್ ಬೇರೆಯಾದ್ದರಿಂದ ಚಾಸಿಸ್ ನಂಬರ್ ಕೊಟ್ಟೇ ಆರ್ಡರ್ ಮಾಡಿ. ದುಡ್ಡಿನ ಯೋಚನೆ ಇಲ್ಲದವರು ಇಲ್ಲಿಗೇ ಓದು ನಿಲ್ಲಿಸಬಹುದು.

ಗನ್

ಮಾರುತಿ 800 ಕಾಲದಿಂದ ಆಕ್ಸೆಸರಿ ಅಂಗಡಿಗಳು ಕೂರಿಸುತ್ತ ಬಂದಿರುವ ಪಿಸ್ತೂಲಿನಾಕಾರದ ಕಪ್ಪು ಡಬ್ಬ ಇದು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಯಾಗಿ 200–400 ರೂಪಾಯಿಗೆ ಸಿಗುತ್ತದೆ. ಎರಡು ವೈರಿನದು ಬರೀ ಹೇಳಿದ್ದನ್ನು ಕೇಳುವ ಬಾಗಿಲಿಗೆ, ಐದು ವೈರಿನದು ಉಳಿದವಕ್ಕೆ ಹೇಳುವ ಡ್ರೈವರ್ ಬಾಗಿಲಿಗೆ. ಬಹುತೇಕ ಕಿಟ್‌ಗಳಲ್ಲಿ ನೀಲಿ, ಹಸಿರು ಮೋಟಾರ್ ವೈರ್. ಉಳಿದ ಮೂರು ಒಳಗಿನ ಸ್ವಿಚ್ಚಿನವು.

ಲಾಕ್ ಬಟನ್ನಿನಿಂದ ಲ್ಯಾಚಿಗೆ ಉಕ್ಕಿನ ರಾಡ್ ಇಳಿದಿರುವ ಹಳೆಯ ಕಾರಿಗೆ ಗನ್ ಪರವಾಗಿಲ್ಲ. ರಾಡ್ ಬದಲು ಕೇಬಲ್ ಇದ್ದು, ಮೋಟಾರ್ ಲ್ಯಾಚಿನೊಳಗೇ ಇರುವ ಕಾರಿಗೆ ಇದರ ಸಹವಾಸವೇ ಬೇಡ. ರಾಡ್ ಇರುವಲ್ಲೂ ಗನ್ನಿನ ದಂಡ ಮೂಲ ರಾಡಿನ ನೇರಕ್ಕೇ ಚಲಿಸಬೇಕು. ಓರೆಯಾದರೆ ಬಲವೆಲ್ಲ ಪಕ್ಕಕ್ಕೆ ಹೋಗಿ ಲಾಕ್ ಅರ್ಧಕ್ಕೆ ನಿಲ್ಲುತ್ತದೆ. ಗನ್ನಿನ ಓಟ ಸುಮಾರು 18–20 ಮಿ.ಮೀ., ಕಾರಿನ ರಾಡಿಗೆ ಬೇಕಾದದ್ದು ಸಾಮಾನ್ಯವಾಗಿ ಅದಕ್ಕಿಂತ ಕಡಿಮೆ. ಹಾಗಾಗಿ ಗನ್ನನ್ನು ನಡು ಓಟದಲ್ಲಿಟ್ಟು, ಲಾಕ್ ಬಟನ್ನನ್ನೂ ನಡುವಿಗೆ ತಂದು ಜಾಯಿಂಟ್ ಬಿಗಿ ಮಾಡಬೇಕು. ಆ ಜಾಯಿಂಟಿನ ಎರಡು ಪುಟ್ಟ ಸ್ಕ್ರೂಗಳು ಬಾಗಿಲು ಬಡಿದ ಹಾಗೆಲ್ಲ ಸಡಿಲವಾಗುತ್ತವೆ, ಒಂದು ಹನಿ ನೇಲ್ ಪಾಲಿಶ್ ಹಾಕಿ. ಹೊಸ ತೂತು ಕೊರೆಯುವಾಗ ಡ್ರಿಲ್ ಬಿಟ್ಟಿಗೆ 10 ಮಿ.ಮೀ. ಬಿಟ್ಟು ಟೇಪ್ ಸುತ್ತಿಕೊಳ್ಳಿ, ಹಿಂದೆ ಗ್ಲಾಸ್ ಇದೆ. ಕೊನೆಗೆ ಗ್ಲಾಸ್ ಪೂರ್ತಿ ಇಳಿಸಿ ಗನ್ನಿಗೆ ತಾಗುತ್ತದೆಯೇ ನೋಡಿ. ಎಲ್ಲ ಸರಿಯಾದರೂ ಒಂದು ಕಿರಿಕಿರಿ ಉಳಿಯುತ್ತದೆ: ಕೀಲಿಯಿಂದ ತೆಗೆಯುವಾಗ ಗನ್ನಿನ ಗೇರನ್ನೂ ನೀವೇ ತಿರುಗಿಸಬೇಕಾದ್ದರಿಂದ ಲಾಕ್ ಬಿಗಿ ಅನಿಸುತ್ತದೆ.

ಗುಜರಿ ಲ್ಯಾಚ್

ಬೆಂಗಳೂರು ಶಿವಾಜಿನಗರದ ಗುಜರಿಯಲ್ಲಿ ಹೊಸದರ ಮೂರನೇ ಒಂದು ಭಾಗಕ್ಕೆ ಕುದುರುತ್ತದೆ. ಆದರೆ ನಿಮ್ಮ ಮೋಟಾರಿನಷ್ಟೇ ವಯಸ್ಸಾದ ಮೋಟಾರಿಗೆ ದುಡ್ಡು ಕೊಡುತ್ತಿದ್ದೀರಿ. ಅಂಗಡಿಯವನ ಬ್ಯಾಟರಿಯಲ್ಲಿ ಒಂದು ಸಲ ಟಕ್ ಅಂದರೆ ಸಾಲದು, ಎರಡೂ ದಿಕ್ಕಿಗೆ ಆರೇಳು ಸಲ ಪೂರ್ತಿ ಓಡಬೇಕು. ಡ್ರೈವರ್ ಬಾಗಿಲಿನದನ್ನು ಮುಟ್ಟಲೇಬೇಡಿ, ಅದೇ ಎಲ್ಲಕ್ಕಿಂತ ಹೆಚ್ಚು ಸವೆದಿರುತ್ತದೆ.

ಬರೀ ಮೋಟಾರ್

ಈಗ ನನ್ನ ಅಚ್ಚುಮೆಚ್ಚಿನದು. ಬಹಳಷ್ಟು ಲ್ಯಾಚ್‌ಗಳ ಒಳಗೆ ಇರುವುದು 280 ಗಾತ್ರದ ಡಿಸಿ ಮೋಟಾರ್: ಅಗಲ ಸುಮಾರು 24 ಮಿ.ಮೀ., ಚಪ್ಪಟೆ ಬದಿಗಳ ನಡುವೆ ಸುಮಾರು 18, ಶಾಫ್ಟ್ (ತಿರುಗುವ ಕಡ್ಡಿ) 2 ಮಿ.ಮೀ. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಾಗಲಿ ಆನ್‌ಲೈನಿನಲ್ಲಾಗಲಿ 100–250 ರೂಪಾಯಿ. ‘280 ಮೋಟಾರ್ ಕೊಡಿ’ ಎಂದಷ್ಟೇ ಕೇಳಿದರೆ ಆಟಿಕೆಯ 6 ವೋಲ್ಟಿನದು ಕೈಗೆ ಬರುತ್ತದೆ. 12 ವೋಲ್ಟ್ ಎಂದು ಒತ್ತಿ ಹೇಳಿ, ಹಳೆಯದನ್ನೇ ಕೌಂಟರಿನ ಮೇಲಿಟ್ಟು ಶಾಫ್ಟಿನ ಉದ್ದವನ್ನು ವರ್ನಿಯರಿನಲ್ಲಿ ಅಳೆದು ತನ್ನಿ.

ಲ್ಯಾಚಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಸ್ಕ್ರೂ ಇದ್ದರೆ ಅದೃಷ್ಟ. ಅಂಚು ಬೆಸೆದಿದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಸಂದಿಗುಂಟ 2 ಮಿ.ಮೀ. ಆಳಕ್ಕಿಂತ ಹೆಚ್ಚು ಇಳಿಯದಂತೆ ಕೊಯ್ಯಿರಿ. ಮುಚ್ಚಳ ಎತ್ತುವಾಗ ಒಳಗಿನ ಸ್ಪ್ರಿಂಗ್ ಹಾರುತ್ತದೆ, ಪಾರದರ್ಶಕ ಪ್ಲಾಸ್ಟಿಕ್ ಚೀಲದೊಳಗೆ ಕೈಯಿಟ್ಟು ತೆಗೆದರೆ ಮನೆಯೆಲ್ಲ ಹುಡುಕುವುದು ತಪ್ಪುತ್ತದೆ. ತೆಗೆದ ಕೂಡಲೇ ಫೋಟೊ.

ಇಲ್ಲಿಂದ ಮುಂದೆ ಇರುವುದೇ ನಿಜವಾದ ತಲೆನೋವು: ಹಳೆಯ ಶಾಫ್ಟಿನಿಂದ ವರ್ಮ್ ಗೇರ್ ತೆಗೆದು ಹೊಸದಕ್ಕೆ ಹಾಕುವುದು. ಹೊಸ ಮೋಟಾರ್ ಬೋಳು ಶಾಫ್ಟಿನೊಂದಿಗೆ ಬರುತ್ತದೆ. ತಿರುಪಿನಂಥ ಆ ಪುಟ್ಟ ಗೇರು ಹಳೆಯದರ ಮೇಲೆ ಬಿಗಿಯಾಗಿ ಕಚ್ಚಿ ಕೂತಿರುತ್ತದೆ. ಕಟಿಂಗ್ ಪ್ಲೇಯರಿನಲ್ಲಿ ಹಿಡಿದು ಎಳೆದರೆ ಹಲ್ಲು ನಜ್ಜುಗುಜ್ಜಾಗುತ್ತದೆ. ಒಂದು ಹಲ್ಲಿನ ತುದಿ ಬಾಗಿದರೂ ಲಾಕ್ ಅದೇ ಜಾಗದಲ್ಲಿ ಪ್ರತಿ ಸಲ ತೊದಲುತ್ತದೆ.

ತೆಗೆಯುವ ಮೊದಲು ಮೋಟಾರಿನ ಮುಖದಿಂದ ಗೇರಿನ ತುದಿಯವರೆಗಿನ ದೂರ ಅಳೆದು ಬರೆದಿಟ್ಟುಕೊಳ್ಳಿ. ಆ ದೂರ ಅರ್ಧ ಮಿ.ಮೀ. ಹೆಚ್ಚಾದರೆ ಮೋಟಾರ್ ತನ್ನ ಗೂಡಿನಲ್ಲಿ ಕೂರುವುದಿಲ್ಲ. ಕಡಿಮೆಯಾದರೆ ಗೇರು ಮೋಟಾರಿನ ಬುಷ್‌ಗೆ (ಶಾಫ್ಟ್ ಹಿಡಿದಿರುವ ಬಳೆ) ಉಜ್ಜಿ, ತಿರುಗುವ ಮೊದಲೇ ಅರ್ಧ ಬಲ ತಿಂದುಹಾಕುತ್ತದೆ. ತೆಗೆಯಲು 2 ಮಿ.ಮೀ. ಶಾಫ್ಟಿನ ಪುಟ್ಟ ಪುಲ್ಲರ್ ಸಿಗುತ್ತದೆ, ಎರಡು ಮೋಟಾರ್ ಮಾಡುವವರಿಗೂ ಅದರ ದುಡ್ಡು ಹುಟ್ಟುತ್ತದೆ. ಪುಲ್ಲರ್ ಇಲ್ಲದಿದ್ದರೆ ವೈಸಿನ (ಮೇಜಿಗೆ ಬಿಗಿದ ಕಬ್ಬಿಣದ ಇಕ್ಕಳ) ದವಡೆಗಳನ್ನು ಶಾಫ್ಟ್ ತೂರುವಷ್ಟೇ ತೆರೆದು, ಗೇರು ದವಡೆಯ ಮೇಲೆ, ಮೋಟಾರ್ ಕೆಳಗೆ ನೇತಾಡುವಂತೆ ಇಟ್ಟು, ಶಾಫ್ಟಿನ ತುದಿಗೆ 1.8 ಮಿ.ಮೀ. ಪಂಚಿನಿಂದ ಸಣ್ಣ ಸಣ್ಣ ಪೆಟ್ಟು ಕೊಡಿ. ಹಳೆಯ ಮೋಟಾರ್ ಹಾಳಾದರೂ ಚಿಂತೆಯಿಲ್ಲ, ಗೇರು ಉಳಿಯಬೇಕು.

ಹೊಸದಕ್ಕೆ ಹಾಕುವಾಗ ಕಾಳಜಿ ತಿರುಗಾಮುರುಗಾ. ಮೋಟಾರಿನ ಮೈಯನ್ನು ಮೇಜಿಗೊತ್ತಿ ಗೇರನ್ನು ಬಡಿದರೆ ಬಲವೆಲ್ಲ ಹಿಂದಿನ ಪ್ಲಾಸ್ಟಿಕ್ ಮುಚ್ಚಳಕ್ಕೆ ಬಿದ್ದು ಅದು ಹೊರಬರುತ್ತದೆ, ಬ್ರಷ್ ಜಾರುತ್ತದೆ. ಅಲ್ಲಿಗೆ ಹೊಸ ಮೋಟಾರ್ ಢಮಾರ್. ಹಿಂಬದಿಯಲ್ಲಿ ಚುಕ್ಕೆಯಂತೆ ಇಣುಕುವ ಶಾಫ್ಟಿನ ತುದಿಯನ್ನೇ ಉಕ್ಕಿನ ಬೋಲ್ಟಿನ ತಲೆಯ ಮೇಲೆ ನಿಲ್ಲಿಸಿ, ವೈಸಿನಿಂದ ನಿಧಾನವಾಗಿ ಒತ್ತಿ. ಹಿತ್ತಾಳೆಯ ಗೇರು ಒಪ್ಪುತ್ತದೆ. ಪ್ಲಾಸ್ಟಿಕ್ಕಿನದು ಹಳೆಯದಾಗಿದ್ದರೆ ಒತ್ತುವಾಗ ಉದ್ದಕ್ಕೆ ಸೀಳಬಹುದು. ಸೀಳಿದ್ದು ಕಣ್ಣಿಗೆ ಕಾಣದೆ, ಆಮೇಲೆ ಮೋಟಾರ್ ಓಡುತ್ತದೆ, ಲಾಕ್ ಅಲ್ಲಾಡುವುದಿಲ್ಲ. ಗೇರು ಸಡಿಲ ಅನಿಸಿದರೆ ಅಂಟನ್ನು ಶಾಫ್ಟಿಗೆ ಹಚ್ಚಬೇಡಿ, ಬುಷ್‌ಗೆ ಇಳಿಯುತ್ತದೆ. ಹಲ್ಲುಕಡ್ಡಿಯಲ್ಲಿ ಗೇರಿನ ತೂತಿನೊಳಗೆ ಮುಟ್ಟಿಸಿದಷ್ಟೇ ಸಾಕು.

ಉಳಿದದ್ದು ಸಲೀಸು. ಮೋಟಾರಿನ ಪ್ಲಸ್ ತುದಿಯನ್ನು ತೋರಿಸುವ ಚುಕ್ಕೆ ಹಳೆಯದರಂತೆಯೇ ಬರಲಿ, ಉಲ್ಟಾ ಆದರೆ ಲಾಕ್ ಎಂದಾಗ ಅನ್‌ಲಾಕ್ ಆಗುತ್ತದೆ. ಗೇರು ಬಡಿದು ನಿಲ್ಲುವ ರಬ್ಬರ್ ತುಂಡು ಪುಡಿಯಾಗಿದ್ದರೆ ಸೈಕಲ್ ಟ್ಯೂಬಿನ ತುಂಡು ಇಡಿ. ವೀಲ್ ಬೇರಿಂಗಿನ ಗ್ರೀಸ್ ಬೇಡ, ಪ್ಲಾಸ್ಟಿಕ್ ಗೇರಿಗೆ ಸಿಲಿಕಾನ್ ಗ್ರೀಸ್ ಕಡಲೆಕಾಳಿನಷ್ಟು. ಕೊಯ್ದ ಅಂಚಿಗೆ ಸಿಲಿಕಾನ್ ಸೀಲಂಟ್ ಸುತ್ತ ಹಚ್ಚಿ ಒಂದು ರಾತ್ರಿ ಒಣಗಲು ಬಿಡಿ. ಮಂಗಳೂರು, ಉಡುಪಿ ಕಡೆಯವರು ಇದರಲ್ಲಿ ಆತುರಪಡಬೇಡಿ. ಮಳೆಗಾಲದಲ್ಲಿ ಗ್ಲಾಸಿನ ಸಂದಿಯಿಂದ ಇಳಿಯುವ ನೀರು ನೇರ ಲ್ಯಾಚಿನ ಮೇಲೇ ಬೀಳುತ್ತದೆ.

ಹೊರಗೇ ಯುಪಿಎಸ್ಸಿನ 12 ವೋಲ್ಟ್ ಬ್ಯಾಟರಿಯಿಂದ ಪರೀಕ್ಷಿಸಿ, ಒಂದು ಸಲಕ್ಕೆ ಅರೆ ಸೆಕೆಂಡಿಗಿಂತ ಹೆಚ್ಚು ಕರೆಂಟ್ ಬೇಡ. ಕಾರಿಗೆ ಹಾಕಿದ ಮೇಲೆ ಖುಷಿಯಲ್ಲಿ ಬಟನ್ನನ್ನು ಇಪ್ಪತ್ತು ಸಲ ಒತ್ತಿದರೆ ಲಾಕ್ ನಿಂತುಬಿಡಬಹುದು. ಕೆಲವು ಕಾರುಗಳಲ್ಲಿ ಬಿಸಿಯಾದಾಗ ಕರೆಂಟ್ ತಡೆಯುವ ವ್ಯವಸ್ಥೆ ಇರುತ್ತದೆ, ಒಂದೆರಡು ನಿಮಿಷ ಬಿಟ್ಟರೆ ಸರಿಹೋಗುತ್ತದೆ.

ಮೋಟಾರ್ ದಾರಿಗೂ ಒಂದು ಮಿತಿ ಇದೆ. ಬಾಗಿಲು ಮುಚ್ಚಿದರೂ ಡ್ಯಾಶಿನಲ್ಲಿ ಬಾಗಿಲಿನ ದೀಪ ಉರಿಯುತ್ತಿದ್ದರೆ ಕೆಟ್ಟಿರುವುದು ಲ್ಯಾಚಿನೊಳಗಿನ ಸ್ವಿಚ್. ಅದನ್ನು ಬಿಡಿಸಿ ಹಾಕುವ ರಗಳೆ ಬೇಡ, ಹೊಸ ಲ್ಯಾಚ್ ತರಿಸಿ. ಗ್ಯಾರಂಟಿ ಇರುವ ಕಾರಿಗೂ ಅದೇ ಮಾತು.

ಹತ್ತು ವರ್ಷ ದಾಟಿದ ಕಾರು, ಮನೆಯಲ್ಲಿ ವೈಸ್ ಇದೆ, ಭಾನುವಾರ ಮಧ್ಯಾಹ್ನ ಖಾಲಿ ಇದೆ, ಖರ್ಚು 500 ರೂಪಾಯಿ ದಾಟಬಾರದು ಅಂದರೆ ಮೋಟಾರನ್ನೇ ಹಿಡಿಯಿರಿ. ಗೇರು ಕೀಳುವ ತಾಳ್ಮೆ ಇಲ್ಲದವರಿಗೆ ಒಂದು ನಡುದಾರಿ ಇದೆ. ಗುಜರಿಯಲ್ಲಿ ಅದೇ ಮಾದರಿ ಕಾರಿನ ಹಿಂಬಾಗಿಲ ಲ್ಯಾಚ್ ಕೊಂಡು, ಅದರ ಮೋಟಾರನ್ನು ಗೇರಿನ ಸಮೇತ ಎತ್ತಿ ನಿಮ್ಮ ಮುಂಬಾಗಿಲ ಲ್ಯಾಚಿಗೆ ಹಾಕಬಹುದು. ಹಿಂಬಾಗಿಲನ್ನು ತೆಗೆಯುವವರೇ ಕಡಿಮೆ, ಮುಂದೆ–ಹಿಂದೆ ಒಂದೇ ಮೋಟಾರ್ ಬಳಸಿದ ಮಾದರಿಗಳೂ ಸಾಕಷ್ಟಿವೆ. ಎರಡು ಗೇರನ್ನೂ ಪಕ್ಕಪಕ್ಕ ಇಟ್ಟು ಉದ್ದ, ಹಲ್ಲಿನ ಓರೆ ಹೊಂದುತ್ತದೆಯೇ ನೋಡಿಕೊಂಡೇ ಮುಚ್ಚಳ ಹಾಕಿ.

ಯಾವ ದಾರಿ ಹಿಡಿದರೂ ಪ್ಯಾಡ್ ಹಾಕುವ ಮೊದಲು, ಬಾಗಿಲು ತೆರೆದೇ ಇರುವಾಗ ಲ್ಯಾಚಿನ ಕೊಕ್ಕೆಯನ್ನು ಸ್ಕ್ರೂಡ್ರೈವರಿನಿಂದ ಒಳಗೆ ತಳ್ಳಿ ಮುಚ್ಚಿದ ಸ್ಥಿತಿಗೆ ತನ್ನಿ. ಆಮೇಲೆ ಒಳಹಿಡಿ, ಹೊರಹಿಡಿ, ಕೀಲಿ, ರಿಮೋಟ್ ನಾಲ್ಕರಿಂದಲೂ ಬಿಡಿಸಿ ನೋಡಿ. ರಾಡ್ ಸೇರಿಸಲು ಮರೆತು ಬಾಗಿಲು ಬಡಿದಿರೋ, ಆ ಬಾಗಿಲನ್ನು ಮತ್ತೆ ತೆರೆಯುವ ಕೆಲಸ ಮೋಟಾರ್ ಹಾಕುವುದಕ್ಕಿಂತ ದೊಡ್ಡದು.