ಕೈಯಲ್ಲಿ ಚಲನ್ ಇದ್ದ ಮಾತ್ರಕ್ಕೆ ಮನೆ ಕರ ಕಟ್ಟಿದ ಹಾಗಲ್ಲ

ಬಳ್ಳಾರಿಯಲ್ಲಿ ಮನೆ, ಸೈಟು ಇರುವವರೆಲ್ಲ ಇವತ್ತೇ ಕರದ ಹಳೆಯ ಕಾಗದಗಳನ್ನು ಹೊರತೆಗೆದು ನೋಡಿ. ನಮ್ಮ ಓಣಿಯ ಒಂದು ಕುಟುಂಬ 2022-23ರಿಂದ ಮೂರು ವರ್ಷ, ಪ್ರತಿ ಏಪ್ರಿಲ್‌ನಲ್ಲಿ ತಪ್ಪದೆ ಮನೆ ಕರದ ದುಡ್ಡು ಕೊಟ್ಟಿದೆ. ಕೊಟ್ಟದ್ದು ಪಾಲಿಕೆಯ ಕೌಂಟರಿನಲ್ಲಲ್ಲ, ಫಾರ್ಮ್ ತುಂಬಿಕೊಡುವ ಮಧ್ಯವರ್ತಿಯ ಕೈಗೆ. ಮೂರು ವರ್ಷದ ಕಾಗದವೂ ಬೀರುವಿನಲ್ಲಿ ಭದ್ರವಾಗಿತ್ತು. 2025ರಲ್ಲಿ ಇ-ಖಾತಾಕ್ಕೆ (ಆಸ್ತಿಯ ಡಿಜಿಟಲ್ ದಾಖಲೆಗೆ) ಅರ್ಜಿ ಹಾಕಲು ಹೋದಾಗ ಕಂಪ್ಯೂಟರಿನಲ್ಲಿ ಮೂರೂ ವರ್ಷ ಬಾಕಿ!

ಆ ಕಾಗದಗಳನ್ನು ಬಿಡಿಸಿ ನೋಡಿದರೆ ಮೋಸ ಕಣ್ಣಿಗೆ ಹೊಡೆಯುತ್ತದೆ. ಎರಡು ವರ್ಷದವು ಬರೀ ಚಲನ್. ಮಾಲೀಕರ ಹೆಸರು, ವಾರ್ಡ್, ಆಸ್ತಿಯ ಗುರುತಿನ ಸಂಖ್ಯೆಯಾದ ಪಿಐಡಿ, ಅಳತೆ, ಮೊತ್ತ ಎಲ್ಲ ಇದೆ. ಹಣ ಜಮೆಯಾದ ದಿನಾಂಕವಿಲ್ಲ, ರಸೀದಿ ಸಂಖ್ಯೆಯಿಲ್ಲ, ಬ್ಯಾಂಕಿನ ಸೀಲೂ ಇಲ್ಲ. ಚಲನ್ ಎಂದರೆ 'ಇಷ್ಟು ಕಟ್ಟಬೇಕು' ಎಂಬ ಚೀಟಿ. ಯಾರು ಬೇಕಾದರೂ ಪ್ರಿಂಟ್ ತೆಗೆಯಬಹುದು, ಒಂದು ರೂಪಾಯಿಯನ್ನೂ ಕಟ್ಟದೆ. ಮೂರನೆಯ ವರ್ಷದ್ದು ನಿಜವಾದ ರಸೀದಿಯೇ. ಆದರೆ ಪಿಐಡಿಯ ಕೊನೆಯ ಎರಡು ಅಂಕಿ ಅದಲುಬದಲಾಗಿ, ಹಣ ಬೇರೊಬ್ಬರ ಸೈಟಿನ ಲೆಕ್ಕಕ್ಕೆ ಹೋಗಿ ಕುಳಿತಿದೆ.

ಇದರ ಪೆಟ್ಟು ಎಷ್ಟೆಂದು ಲೆಕ್ಕ ಹಾಕಿ. ಏಪ್ರಿಲ್‌ನಲ್ಲಿ ಕಟ್ಟಿದರೆ ಶೇ 5 ರಿಯಾಯಿತಿ. ಮೇ, ಜೂನ್‌ನಲ್ಲಿ ಇದ್ದಷ್ಟೇ. ಜುಲೈ 1ರಿಂದ ತಿಂಗಳಿಗೆ ಶೇ 2 ದಂಡ. ಕೇಳಲು ಎರಡೇ, ವರ್ಷಕ್ಕೆ 24. ಸೆಸ್ (ತೆರಿಗೆಯ ಮೇಲೆ ಸೇರುವ ಉಪಕರ) ಬಿಟ್ಟು ಬರೀ ತೆರಿಗೆ ವರ್ಷಕ್ಕೆ 3,000 ರೂಪಾಯಿ ಎಂದಿಟ್ಟುಕೊಳ್ಳಿ. 2025ರ ಮಾರ್ಚ್ ಕೊನೆಗೆ 2022-23ರ ಬಾಕಿಗೆ 33 ತಿಂಗಳು, ಅಂದರೆ 1,980 ರೂಪಾಯಿ ದಂಡ. ಮುಂದಿನ ವರ್ಷದ್ದಕ್ಕೆ 21 ತಿಂಗಳಿಗೆ 1,260, ಅದರ ಮುಂದಿನದಕ್ಕೆ 9 ತಿಂಗಳಿಗೆ 540. ಒಮ್ಮೆ ಕೊಟ್ಟು ಕಳೆದುಕೊಂಡ ಮೇಲೆ ಮತ್ತೆ ಅಸಲು 9,000, ದಂಡ 3,780. ಕೂಲಿ ಮಾಡಿ ಮನೆ ಕಟ್ಟಿಕೊಂಡವರಿಗೆ ಇದು ಸಣ್ಣ ಮೊತ್ತವಲ್ಲ.

ಒಂದು ಮಾತು: ತೆರಿಗೆಯ ಮೇಲೆ ಆರೋಗ್ಯ ಕರ ಶೇ 15, ಗ್ರಂಥಾಲಯ ಕರ ಶೇ 6, ಭಿಕ್ಷುಕರ ಕರ ಶೇ 3 ಸೇರುತ್ತದೆ, ಕಸ ವಿಲೇವಾರಿ ಶುಲ್ಕ ಬೇರೆ. ಮೊತ್ತ ಜಾಸ್ತಿ ಕಂಡ ಕೂಡಲೇ ಜಗಳಕ್ಕಿಳಿಯುವ ಮೊದಲು ಈ ಸಾಲುಗಳನ್ನು ಓದಿ. ಈ ಗೊಂದಲವನ್ನೇ ಬಳಸಿಕೊಂಡು 'ನಾನು ಕಡಿಮೆ ಮಾಡಿಸಿಕೊಡ್ತೀನಿ' ಅನ್ನುವವರು ಬರುತ್ತಾರೆ.

ಕಟ್ಟುವಾಗ ಮಾಡಬೇಕಾದ್ದು ಇಷ್ಟು. ಪಿಐಡಿಯನ್ನು ಖಾತಾ ಪತ್ರದಿಂದ ನೋಡಿ ಬರೆದುಕೊಳ್ಳಿ, ಹಳೆಯ ಚಲನ್ನಿಂದ ಬೇಡ. ಪರದೆಯ ಮೇಲೆ ಹೆಸರು, ಸೈಟಿನ ಅಳತೆ ನಿಮ್ಮದೇ ಎಂದು ಖಾತ್ರಿಯಾದ ಮೇಲೆ, ನಿಮ್ಮದೇ ಖಾತೆಯಿಂದ ಕಟ್ಟಿ. ಯುಪಿಐನಲ್ಲಿ ಹಣ ಕಡಿತವಾಗಿ ರಸೀದಿ ಬಾರದಿದ್ದರೆ ಗಾಬರಿಯಿಂದ ಮತ್ತೆ ಕಟ್ಟಬೇಡಿ. 12 ಅಂಕಿಯ ವಹಿವಾಟು ಸಂಖ್ಯೆ ಬರೆದಿಟ್ಟುಕೊಂಡು ಎರಡು ಮೂರು ಕೆಲಸದ ದಿನ ಕಾಯಿರಿ. ವಾರದೊಳಗೆ ಅದೇ ಪಿಐಡಿ ಹಾಕಿ ಬಾಕಿ ಸೊನ್ನೆಯಾಗಿದೆಯೇ ನೋಡಿ. ಇಡೀ ಕೆಲಸದಲ್ಲಿ ಜನ ಬಿಡುವುದು ಈ ಕೊನೆಯ ಹೆಜ್ಜೆಯನ್ನೇ.

ನಲ್ಲಿ ನೀರಿನ ಲೆಕ್ಕ ಬೇರೆಯೇ. ಮನೆ ಕರದ ರಸೀದಿ ನೀರಿನ ಬಿಲ್ಲಿಗೆ ಲೆಕ್ಕವಿಲ್ಲ. ಹಳೇ ಮನೆ ಕೊಳ್ಳುವವರು ಸಂಪರ್ಕ ಸಂಖ್ಯೆ ಕೇಳಿ, ಹಿಂದಿನ ಮಾಲೀಕರ ನೀರಿನ ಬಾಕಿ ನೋಂದಣಿಗೆ ಮೊದಲೇ ತೀರಿಸಿಕೊಳ್ಳಿ. ನಲ್ಲಿ ಬೇಡವೆಂದು ಮನೆ ಮುಂದೆ ಪೈಪಿಗೆ ಮುಚ್ಚಳ ಬಿಗಿದರೆ ಸಾಲದು. ಕಡಿತಕ್ಕೆ ಅರ್ಜಿ ಕೊಟ್ಟು ಮುಖ್ಯ ಕೊಳವೆಯಲ್ಲೇ ಮುಚ್ಚಿಸಿ ಬರಹದಲ್ಲಿ ಪಡೆಯದಿದ್ದರೆ ಬಿಲ್ಲು ಬೆಳೆಯುತ್ತಲೇ ಇರುತ್ತದೆ. ತುಂಗಭದ್ರಾ ಕಾಲುವೆಯ ನೀರು ನಿಂತು ಅಲ್ಲೀಪುರ, ಮೋಕಾ ಕೆರೆಗಳ ಸಂಗ್ರಹದ ಮೇಲೆ ಊರು ನಡೆಯುವ ಬೇಸಿಗೆಯಲ್ಲಿ ಇನ್ನೊಂದು ತೊಂದರೆ: ಬಹಳ ದಿನದ ಮೇಲೆ ನೀರು ಬಿಟ್ಟಾಗ ಪೈಪಿನೊಳಗಿನ ಗಾಳಿ ಮುಂದೆ ನುಗ್ಗಿ ಮೀಟರಿನ ಮುಳ್ಳನ್ನು ತಿರುಗಿಸುತ್ತದೆ. ಗಾಳಿಗೂ ಬಿಲ್ಲು. ನೀರು ಬರುವ ಮೊದಲಿನ ಮತ್ತು ನಿಂತ ಮೇಲಿನ ಮೀಟರ್ ಅಂಕಿಗಳ ಫೋಟೊ ತೆಗೆದಿಡಿ. ತುಂಬಿದ ತೊಟ್ಟಿಯ ಲೀಟರಿನ ಜೊತೆ ತಾಳೆ ನೋಡಿದರೆ ದೂರು ಕೊಡಲು ಆಧಾರ ಸಿಗುತ್ತದೆ. ನಲ್ಲಿಗೆ ನೇರ ಮೋಟರ್ ಹಚ್ಚಬೇಡಿ. ಪೈಪು ಚರಂಡಿ ದಾಟುವ ಕಡೆ ಸೀಳಿದ್ದರೆ ಅದು ಚರಂಡಿ ನೀರನ್ನೇ ಎಳೆದುಕೊಳ್ಳುತ್ತದೆ.

ಈಗಾಗಲೇ ಮೋಸ ಹೋಗಿದ್ದರೆ? ತಪ್ಪು ಪಿಐಡಿಗೆ ಹೋದ ಹಣಕ್ಕೆ ದಾರಿ ಇದೆ. ಪಾಲಿಕೆಯ ಕಂದಾಯ ವಿಭಾಗಕ್ಕೆ ಅರ್ಜಿ ಬರೆದು, ರಸೀದಿ, ಎರಡೂ ಪಿಐಡಿ, ಖಾತಾ ಪ್ರತಿ, ಬ್ಯಾಂಕ್ ಪಾಸ್‌ಬುಕ್ಕಿನ ಆ ಪುಟ ಹಚ್ಚಿ, ಹೊಂದಾಣಿಕೆ ಕೇಳಿ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಸೀಲು, ದಿನಾಂಕ ಹಾಕಿಸಿಕೊಳ್ಳದೆ ಟೇಬಲ್ ಬಿಟ್ಟೇಳಬೇಡಿ. ಕೆಲಸ ಅಲ್ಲಾಡದಿದ್ದರೆ ಸರ್ಕಾರದ ಸಹಾಯವಾಣಿ 1902ಕ್ಕೆ ದೂರು ಕೊಡಿ, ಇಲ್ಲವೇ 10 ರೂಪಾಯಿ ಶುಲ್ಕದ ಮಾಹಿತಿ ಹಕ್ಕು ಅರ್ಜಿಯಲ್ಲಿ 'ಈ ಪಿಐಡಿಗೆ ವರ್ಷವಾರು ಜಮೆಯಾದ ಮೊತ್ತ ಮತ್ತು ದಿನಾಂಕ' ಎಂದು ಒಂದೇ ಸಾಲು ಕೇಳಿ. 30 ದಿನದೊಳಗೆ ಉತ್ತರ ಕೊಡಬೇಕು.

ಕಟ್ಟದ ಚಲನ್ನಿನ ಹಣ ಮಾತ್ರ ಪಾಲಿಕೆಯ ಲೆಕ್ಕಕ್ಕೆ ಬಂದೇ ಇರುವುದಿಲ್ಲ. ಅದನ್ನು ಆ ಮಧ್ಯವರ್ತಿಯಿಂದಲೇ ವಸೂಲಿ ಮಾಡಬೇಕು. ಪೊಲೀಸ್ ದೂರಿಗೆ ಚಲನ್ ಪ್ರತಿಗಳು, ಅವನಿಗೆ ಹಣ ಹೋದ ಫೋನ್‌ಪೇ ದಾಖಲೆ, ವಾಟ್ಸಾಪ್ ಸಂದೇಶ ಬೇಕಾಗುತ್ತವೆ, ಅಳಿಸಬೇಡಿ. ದೂರಿನ ಫಲಕ್ಕೆ ಕಾಯುತ್ತ ಕೂತರೆ ದಂಡ ನಿಲ್ಲದು, ತಿಂಗಳಿಗೆ ಶೇ 2 ಏರುತ್ತಲೇ ಹೋಗುತ್ತದೆ. ಮೊದಲು ಕೌಂಟರಿನಲ್ಲಿ ಬಾಕಿ ತೀರಿಸಿ, ಆ ರಸೀದಿಯನ್ನೂ ದೂರಿಗೆ ಹಚ್ಚಿ.