ಸ್ಟ್ರಾಂಬರ್ಗ್ 97, ಮೂರು ಸಾಲಾಗಿ: ಆರು ವರ್ಷ ಓಡಿಸಿದ ಮೇಲೆ

ಈ ಮೂರು ಕಾರ್ಬೊರೇಟರ್‌ಗಳನ್ನು (ಇಂಜಿನ್‌ಗೆ ಗಾಳಿ, ಪೆಟ್ರೋಲ್ ಬೆರೆಸಿ ಕೊಡುವ ಸಾಧನ) ನಾನು ಕೊಂಡಿದ್ದು ಅಂದಕ್ಕಾಗಿ, ಸುಳ್ಳು ಯಾಕೆ ಹೇಳಲಿ. 1940ರ ಫೋರ್ಡ್ ಕೂಪೆ, ಅದರೊಳಗೆ 1950ರ ಫ್ಲ್ಯಾಟ್‌ಹೆಡ್ ವಿ8 ಇಂಜಿನ್, ಅದರ ತಲೆಯ ಮೇಲೆ ಸಾಲಾಗಿ ಕೂತ ಮೂರು 97. ಬಾನೆಟ್ ಎತ್ತಿದರೆ ಜನ ನಿಂತು ನೋಡುತ್ತಾರೆ. ಆದರೆ ಆಕ್ಸಿಲರೇಟರ್ ಪೂರ್ತಿ ತುಳಿಯೋದು ವರ್ಷಕ್ಕೆ ನಾಲ್ಕೈದು ಸಲ. ಉಳಿದ ಹೊತ್ತೆಲ್ಲ ಗಾಡಿ ಡೆಟ್ರಾಯಿಟ್‌ನ ವುಡ್‌ವರ್ಡ್ ಅವೆನ್ಯೂದಲ್ಲಿ ಒಂದು ಸಿಗ್ನಲ್‌ನಿಂದ ಇನ್ನೊಂದಕ್ಕೆ ತೆವಳುತ್ತಿರುತ್ತದೆ. ಆಗಸ್ಟ್‌ನಲ್ಲಿ ಹಳೆಯ ಕಾರುಗಳ ಮೆರವಣಿಗೆ ಡ್ರೀಮ್ ಕ್ರೂಸ್ ದಿನವಂತೂ ನಡೆದು ಹೋಗುವವರೇ ನಮ್ಮನ್ನು ಹಿಂದೆ ಹಾಕುತ್ತಾರೆ. ಹಾಗಾಗಿ ಇಲ್ಲಿ ಬರೆಯುತ್ತಿರೋದು ಪಿಕಪ್ ಬಗ್ಗೆ ಅಲ್ಲ, ಐಡ್ಲಿಂಗ್ ಬಗ್ಗೆ, ಅಂದರೆ ಕಾಲು ತೆಗೆದಾಗ ಇಂಜಿನ್ ನಿಧಾನಕ್ಕೆ ಓಡುತ್ತಿರೋದರ ಬಗ್ಗೆ.

ಗೊತ್ತಿಲ್ಲದವರಿಗೆ: 97 ಅನ್ನೋದು ವೆಂಚುರಿಯ, ಅಂದರೆ ಗಾಳಿ ಹಾಯುವ ಕಿರಿದಾದ ಕೊರಳಿನ ಅಳತೆ, 0.97 ಇಂಚು. 1930ರ ದಶಕದ ಕೊನೆಯಲ್ಲಿ ಫೋರ್ಡ್ ವಿ8 ಜೊತೆಗೆ ಬರುತ್ತಿದ್ದ ಎರಡು ಬಾಯಿಯ ಕಾರ್ಬೊರೇಟರ್ ಇದು. 221 ಕ್ಯೂಬಿಕ್ ಇಂಚಿನ, ಅಂದರೆ 3.6 ಲೀಟರ್ ಇಂಜಿನ್‌ನ್ನು ಒಂದೇ ಸಾಕುತ್ತಿತ್ತು. ನನ್ನದು 239, ಸ್ವಲ್ಪ ದೊಡ್ಡದು, ಅಷ್ಟೇ. ಒಬ್ಬ ಭಟ್ಟರು ಮಾಡುವ ಅಡುಗೆಗೆ ಮೂವರನ್ನು ಕರೆಸಿದ ಹಾಗೆ. ಮೂವರೂ ಕೈ ಹಾಕಿದರೆ ಉಪ್ಪು ಎಷ್ಟಾಗಬೇಡ?

ಐಡಲ್‌ನಲ್ಲಿ ಥ್ರಾಟಲ್ ತಟ್ಟೆ (ಆಕ್ಸಿಲರೇಟರ್ ತುಳಿದರೆ ತೆರೆಯುವ ಬಾಗಿಲು) ಹೆಚ್ಚುಕಡಿಮೆ ಮುಚ್ಚಿರುತ್ತದೆ, ವೆಂಚುರಿಯಲ್ಲಿ ಎಳೆತವೇ ಇರಲ್ಲ, ಪೆಟ್ರೋಲ್ ಬರುವ ಮುಖ್ಯ ತೂತು ಮೇನ್ ಜೆಟ್ ಸುಮ್ಮನಿರುತ್ತದೆ. ಜೋರಾಗಿ ಹೀರುವುದು ತಟ್ಟೆಯ ಕೆಳಗೆ ಮಾತ್ರ. ಆ ಹೀರುವಿಕೆಗೆ ಪೆಟ್ರೋಲ್ ಒಂದು ಸಣ್ಣ ಕೊಳವೆಯಲ್ಲಿ ಮೇಲೇರಿ, ಗಾಳಿ ಬೆರೆಸಿಕೊಂಡು, ಗೋಡೆಯೊಳಗಿನ ದಾರಿಯಲ್ಲಿ ಇಳಿದು ತಟ್ಟೆಯ ಅಂಚಿನ ಹತ್ತಿರದ ಎರಡು ತೂತುಗಳಿಗೆ ಬರುತ್ತದೆ. ಕೆಳಗಿನ ತೂತನ್ನು ಮಿಕ್ಸ್ಚರ್ ಸ್ಕ್ರೂ ಕಾಯುತ್ತದೆ. ಮೇಲಿನದಕ್ಕೆ ಕಾವಲಿಲ್ಲ, ಕಾಲು ಇಟ್ಟು ತಟ್ಟೆ ಸ್ವಲ್ಪ ತೆರೆದಾಗ ಅದರ ಸರದಿ. ಮೂರು ಕಾರ್ಬೊರೇಟರ್ ಅಂದರೆ ಇಂಥ ದಾರಿ ಆರು, ಸ್ಕ್ರೂ ಆರು.

ಮೊದಲ ವರ್ಷ ನರಕ. ಹಳೆಯ ಮೂರನ್ನೂ ಒಂದು ಅಂಗಡಿಯಲ್ಲಿ ರೀಬಿಲ್ಡ್ ಮಾಡಿಸಿದ್ದೆ. ಹೊರಗೆ ಫಳಫಳ. ಸ್ಟಾರ್ಟ್ ಮಾಡಿದರೆ ಐಡಲ್ 1,200 ಆರ್‌ಪಿಎಂಗಿಂತ (ನಿಮಿಷಕ್ಕೆ ಸುತ್ತು) ಕೆಳಗೆ ಇಳಿಯಲ್ಲ, ಕಣ್ಣುರಿ ಬರುವಷ್ಟು ಪೆಟ್ರೋಲ್ ವಾಸನೆ ಬೇರೆ. ಪ್ಲಗ್ ಬಿಚ್ಚಿದರೆ ಕಾಡಿಗೆ. ಮೈಸೂರಲ್ಲಿರುವ ಭಾವನಿಗೆ ಫೋನ್ ಮಾಡಿದೆ. ಅವರ ಅರ್ಧ ಆಯುಸ್ಸು ಯೆಜ್ಡಿ ಬಿಚ್ಚಿ ಕಟ್ಟುವುದರಲ್ಲೇ ಕಳೆದಿದೆ.

"ಭಾವ, ಸ್ಕ್ರೂ ಪೂರ್ತಿ ಒಳಗೆ ಹಾಕಿದ್ರೂ ಇಂಜಿನ್ ಆಫ್ ಆಗ್ತಿಲ್ಲ ನೋಡಿ."

"ಆಫ್ ಆಗ್ಬೇಕಲ್ಲಯ್ಯಾ! ಆಗ್ತಿಲ್ಲ ಅಂದ್ರೆ ಪೆಟ್ರೋಲ್ ಬೇರೆ ಕಡೆಯಿಂದ ನುಗ್ತಿದೆ. ಸ್ಕ್ರೂ ಬಿಡು, ತಟ್ಟೆ ಮುಚ್ತಿದ್ಯಾ ನೋಡು ಮೊದ್ಲು."

97 ಅನ್ನು ಜನ್ಮದಲ್ಲಿ ನೋಡಿಲ್ಲದವರು ಹೇಳಿದ್ದು ಅಕ್ಷರಶಃ ನಿಜವಾಯಿತು. ಕೆಳಗಿನ ಎರಕದ ಕಬ್ಬಿಣದ ಬೇಸ್ ಬಿಚ್ಚಿ ಬಲ್ಬಿಗೆ ಹಿಡಿದೆ. ಮುಚ್ಚಿದ ತಟ್ಟೆಯ ಸುತ್ತ ಗ್ರಹಣದ ಸೂರ್ಯನ ಹಾಗೆ ಬೆಳಕಿನ ಬಳೆ. ಆರರಲ್ಲಿ ನಾಲ್ಕು ಹೀಗೆ. ಶಾಫ್ಟ್‌ಗಳೂ ಸವೆದು ಲಟಲಟ ಅಲ್ಲಾಡುತ್ತಿದ್ದವು. ಒಂದೇ ಕಾರ್ಬೊರೇಟರ್ ಇದ್ದಿದ್ದರೆ ಈ ಸೋರಿಕೆಯನ್ನು ಇಂಜಿನ್ ನುಂಗಿಕೊಳ್ಳುತ್ತಿತ್ತು. ಮೂರೂ ಸೋರಿದರೆ, ಅದೇ ಐಡಲ್‌ಗೆ ಬೇಕಾದ್ದಕ್ಕಿಂತ ಹೆಚ್ಚು ಗಾಳಿ. ಜೊತೆಗೆ ತಟ್ಟೆ ಮೇಲಿನ ತೂತನ್ನು ದಾಟಿ ನಿಂತಿತ್ತು, ಕಾವಲಿಲ್ಲದ ಬಾಗಿಲಿಂದ ಪೆಟ್ರೋಲ್ ಹರಿಯುತ್ತಿತ್ತು. ಇನ್ನು ಸ್ಕ್ರೂ ತಿರುಗಿಸಿ ಏನು ಬಂತು?

ಹೊಸ ಶಾಫ್ಟ್, ಬುಶ್ ಹಾಕಿಸಿದೆ. ತಟ್ಟೆಗಳನ್ನು ನಾನೇ ಕೂರಿಸಿದೆ: ತಟ್ಟೆಯ ಸ್ಕ್ರೂ ಸಡಿಲ ಬಿಟ್ಟು, ಬೆರಳಲ್ಲಿ ಒತ್ತಿ ಹಿಡಿದು, ಬೆಳಕು ಕಾಣದಂತಾದ ಮೇಲೆ ಬಿಗಿ. ಒಂದು ಭಾನುವಾರ ಪೂರ್ತಿ ಹೋಯಿತು, ಮನೆಯವಳ ಕೈಯಲ್ಲಿ ಬೈಗುಳವೂ ಸಿಕ್ಕಿತು.

ಈಗಿನ ಸೆಟ್ಟಿಂಗ್ ಹೀಗಿದೆ. ತಟ್ಟೆಗಳನ್ನು ಎಳೆಯುವ ಲಿಂಕೇಜ್ ಪ್ರೋಗ್ರೆಸಿವ್, ಮೊದಲು ತೆರೆಯುವುದು ನಡುವಿನದು, ಕಾಲು ಒತ್ತಿದ ಮೇಲೆ ಅಕ್ಕಪಕ್ಕದವು. ಐಡಲ್ ವೇಗ ಹಿಡಿಯುವುದು ನಡುವಿನದು ಮಾತ್ರ, ಅದರ ಸ್ಕ್ರೂಗಳು ಒಂದೂಕಾಲು ಸುತ್ತು ಹೊರಗೆ. ಪಕ್ಕದವುಗಳ ತಟ್ಟೆ ಪೂರ್ತಿ ಮುಚ್ಚಿ, ಸ್ಕ್ರೂ ಅರ್ಧ ಸುತ್ತು. ಪಕ್ಕದವುಗಳ ಐಡಲ್ ದಾರಿಯನ್ನೇ ಮುಚ್ಚಿಬಿಡಿ ಅಂತ ಹಲವರು ಹೇಳುತ್ತಾರೆ. ನಾನೂ ಒಂದು ಬೇಸಿಗೆ ಹಾಗೆ ಓಡಿಸಿದೆ. ಕಾರ್ಬೊರೇಟರ್‌ನ ಪೆಟ್ರೋಲ್ ಬಟ್ಟಲು ಬೌಲ್‌ನಲ್ಲಿ ಪೆಟ್ರೋಲ್ ಕೊಳೆತು, ಅವು ತೆರೆದಾಗ ಒಂದು ಮುಗ್ಗರಿಕೆ. ಸ್ವಲ್ಪ ಕುಡಿಯಲು ಬಿಡುವುದೇ ವಾಸಿ, ಕೊನೆಯ ಸಿಲಿಂಡರ್‌ಗಳಿಗೂ ಅದು ಸಿಗುತ್ತದೆ.

ಇನ್ನೆರಡು ಮಾತು ಬೇಗ ಹೇಳಿಬಿಡುತ್ತೇನೆ. ಫ್ಯುಯೆಲ್ ಪ್ರೆಶರ್ 3 ಪಿಎಸ್‌ಐ ದಾಟಬಾರದು. ರೆಗ್ಯುಲೇಟರ್ ಇಲ್ಲದೆ ಹೊಸ ಪಂಪ್ ಹಾಕಿ ನಾನು ಕಾರ್ಬೊರೇಟರ್‌ಗಳು ಕೂರುವ ಮ್ಯಾನಿಫೋಲ್ಡ್ ಮೇಲೆ ಪೆಟ್ರೋಲ್ ಅಭಿಷೇಕ ಮಾಡಿಸಿದ್ದೇನೆ. ಆಮೇಲೆ, 1949ರಿಂದೀಚಿನ ಇಂಜಿನ್ ಇದ್ದವರು ಪ್ಲಗ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್‌ಗೂ ದುಡ್ಡು ಎತ್ತಿಡಿ. ಮೂಲದ್ದು ಕಿಡಿಯ ಟೈಮಿಂಗ್ ಮುಂದೆ ಹಾಕಲು ಕಾರ್ಬೊರೇಟರ್‌ನ ವ್ಯಾಕ್ಯೂಮನ್ನೇ ನಂಬಿಕೊಂಡಿದೆ, 97ರಲ್ಲಿ ಅದಕ್ಕೆ ತೂತೇ ಇಲ್ಲ. ಐಡಲ್ ಸರಿಯಿದ್ದೂ ಗಾಡಿ ಸೋಮಾರಿಯಾಗಿದ್ದರೆ ಇದೇ ಕಾರಣ ಇರಬಹುದು.

ಇಲ್ಲಿನ 10 ಶೇಕಡಾ ಎಥನಾಲ್ ಪೆಟ್ರೋಲ್ ಚಳಿಗಾಲವಿಡೀ ಬೌಲ್‌ನಲ್ಲಿ ನಿಂತರೆ ಮೊದಲು ಕಟ್ಟಿಕೊಳ್ಳುವುದು ಐಡಲ್ ಕೊಳವೆಯೇ. ಈಗ ನವೆಂಬರ್‌ನಲ್ಲಿ ಮೂರನ್ನೂ ಖಾಲಿ ಮಾಡಿ ಇಡುತ್ತೇನೆ.

ಈ ವಸಂತದಲ್ಲಿ 650 ಆರ್‌ಪಿಎಂನಲ್ಲಿ ಕೂತಿದೆ. ಏರ್ ಕ್ಲೀನರ್ ಮೇಲೆ ಒಂದು ನಾಣ್ಯ ನೆಟ್ಟಗೆ ನಿಲ್ಲಿಸಿದರೆ ಬೀಳುತ್ತದೆ, ಆದರೆ ತಕ್ಷಣ ಅಲ್ಲ. ಕೊಳ್ಳಲಾ ಅಂತ ಕೇಳುವವರಿಗೆ: ಎರಡು ಕಾರ್ಬೊರೇಟರ್ ಮ್ಯಾನಿಫೋಲ್ಡ್ ತಗೊಳ್ಳಿ, ನಾಲ್ಕೇ ಸ್ಕ್ರೂ. ನಾನು ಮಾತ್ರ ಮೂರನ್ನು ಬಿಚ್ಚಲ್ಲ.